ಹಾಳೆಯ ಅಂಚಿನ ಪೆನ್ಸಿಲ್ ಮಾತು

"ಈ ಹೆಂಗಸಿಗೆ ಒಂದು ದಿನವಾದ್ರೂ ಸುಸ್ತಾಗಲ್ವಾ?"

ಎದುರು ಬೆಂಚಿನಲ್ಲಿ ಕೂತಿದ್ದ ಗಂಡಸು ಹೀಗೆ ಕೇಳಿದಾಗ ಅವಳಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಅವನು ಕೇಳಿದ್ದು ಅವಳ ಬಗ್ಗೆಯಲ್ಲ, ಅವಳು ಬರೆದ ಕಾದಂಬರಿಯ ಹೆಂಡತಿಯ ಬಗ್ಗೆ. ಅವನ ಕೈಯಲ್ಲಿ ಅವಳೇ ಕಳೆದ ವಾರ ಹಂಚಿ ಹೋಗಿದ್ದ ಹನ್ನೆರಡು ಹಾಳೆಗಳಿದ್ದವು, ಕಿವಿಯ ಹಿಂದೆ ಒಂದು ಗಿಡ್ಡ ಪೆನ್ಸಿಲ್ ಇತ್ತು.

"ಮೂರು ವರ್ಷದಿಂದ ಹಾಸಿಗೆ ಹಿಡಿದ ಗಂಡ," ಅವನು ಮುಂದುವರಿಸಿದ. "ಇವಳು ಐದಕ್ಕೆ ಏಳ್ತಾಳೆ, ಮೈ ಒರೆಸ್ತಾಳೆ, ತಿನ್ನಿಸ್ತಾಳೆ, ಕೆಲಸಕ್ಕೆ ಹೋಗಿ ಬರ್ತಾಳೆ, ಮತ್ತೆ ತಿನ್ನಿಸ್ತಾಳೆ. ಹನ್ನೆರಡು ಪುಟದಲ್ಲಿ ಒಂಬತ್ತು ಸಲ ಮುಗುಳ್ನಗ್ತಾಳೆ. ಒಂದು ಸಲವೂ ಗೊಣಗಲ್ಲ, ಬಾಗಿಲು ದಡ್ ಅಂತ ಹಾಕಲ್ಲ. ಇವಳು ಮನುಷ್ಯಳಾ, ಕ್ಯಾಲೆಂಡರ್ ಚಿತ್ರನಾ?"

ಅವಳು ಬಾಯಿ ತೆರೆದಳು. ಮೇಜಿನ ತುದಿಯಲ್ಲಿದ್ದ ನಿವೃತ್ತ ಗಣಿತದ ಟೀಚರ್ ಬೆರಳೆತ್ತಿದರು. ಗುಂಪಿನ ನಿಯಮ ಅದು: ಯಾರ ಬರಹದ ಮೇಲೆ ಮಾತು ನಡೆಯುತ್ತಿದೆಯೋ ಅವರು ಎಲ್ಲರದೂ ಮುಗಿಯುವವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಆಮೇಲೆ ಎರಡು ನಿಮಿಷ ಅವರದು. ಒಬ್ಬೊಬ್ಬರ ಹೊತ್ತು ಅಳೆಯಲೆಂದೇ ಟೀಚರ್ ಮುಂದೆ ಅಡುಗೆಮನೆಯ ಟೈಮರ್ ಒಂದು ಟಿಕ್ ಟಿಕ್ ಎನ್ನುತ್ತಿತ್ತು.

ಈ ಗುಂಪಿನ ಸುದ್ದಿ ಅವಳಿಗೆ ಸಿಕ್ಕಿದ್ದು ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ. 'ಬರೆಯುವವರು ಬನ್ನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಡ್ರೈವಿಂಗ್ ಸ್ಕೂಲಿನ ಮಹಡಿ. ಹೊಗಳಿಕೆ ಬೇಕಾದವರು ದಯವಿಟ್ಟು ಮನೆಯವರಿಗೇ ತೋರಿಸಿ.' ಅದನ್ನು ಓದಿ ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂದಿತ್ತು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ. ಅವರು ಹೊಗಳಿದ್ದನ್ನು ಅವಳು ಮದುವೆಯಾಗಿ ಬಂದ ಈ ಹದಿನಾಲ್ಕು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಮಾತು. ಅದನ್ನೇ ಅವಳು ಇನ್ನೂರ ಹನ್ನೆರಡು ಪುಟ ಬರೆದಿಟ್ಟಿದ್ದಳು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಅವಳಿಗೆ ಕೆಲಸ. ದಿನಕ್ಕೆ ನಲವತ್ತು ಐವತ್ತು ಜನರನ್ನು ಗೋಡೆಗೆ ಎದೆಯೊತ್ತಿ ನಿಲ್ಲಿಸಿ, "ಗದ್ದ ಮೇಲೆ, ಭುಜ ಮುಂದೆ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎನ್ನುವುದು. ಊಟದ ವಿರಾಮದಲ್ಲಿ ಹಳೆಯ ಫಿಲ್ಮುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ, ಮಡಿಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುವುದು. ಸಂಜೆ ಮನೆಗೆ ಬರುವ ಹೊತ್ತಿಗೆ ಸೀಸದ ಏಪ್ರನ್ನಿನ ಭಾರ ಇನ್ನೂ ಹೆಗಲ ಮೇಲೇ ಇದ್ದಂತೆ ಅನ್ನಿಸುತ್ತಿತ್ತು.

ಟೈಮರ್ ಕಿರುಗುಟ್ಟಿತು. "ಈಗ ನಿಮ್ಮ ಎರಡು ನಿಮಿಷ," ಎಂದರು ಟೀಚರ್.

"ನಾನು ಹೇಳೋದೇನೂ ಇಲ್ಲ," ಎಂದು ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಮೆಟ್ಟಿಲಿನ ಕೆಳಗೆ ಪೆನ್ಸಿಲ್ಲಿನ ಗಂಡಸು ಅವಳನ್ನು ತಡೆದ. ಇಳಿದು ಬಂದ ಅವಸರಕ್ಕೆ ಏದುಸಿರು ಬಿಡುತ್ತಿದ್ದ. ನಲವತ್ತೈದರ ಆಸುಪಾಸು, ಎಡಗಿವಿಯ ಹಾಲೆಯ ಮೇಲೆ ತೆಳ್ಳಗೆ ಒಂದು ಗ್ರೀಸಿನ ಗೆರೆ.

"ಮೇಡಂ, ನಿಮ್ಮ ಹಾಳೆ."

"ನೀವೇ ಇಟ್ಕೊಳ್ಳಿ. ಕ್ಯಾಲೆಂಡರ್ ಮಾಡಿಸಿ."

ಅವನಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡ. ಅದು ಕಣ್ಣಿನಲ್ಲಿ ಹೋಗಿ ಕೂತಿತು. "ಬಸ್ಸಲ್ಲಿ ಒಮ್ಮೆ ನೋಡಿ. ಆಮೇಲೆ ಹರಿದು ಹಾಕಿ, ಬೇಕಾದ್ರೆ," ಎಂದು ಹಾಳೆಗಳನ್ನು ಅವಳ ಬ್ಯಾಗಿನ ಬಾಯಿಗೆ ತುರುಕಿ, ಕಂಬಿ ಹಿಡಿದು ಮತ್ತೆ ಮೇಲೆ ಹತ್ತಿದ.

ಬಸ್ಸಿನಲ್ಲಿ ಅವಳು ನೋಡಬಾರದೆಂದುಕೊಂಡಳು. ಎರಡು ಸ್ಟಾಪ್ ತಡೆದುಕೊಂಡಳು. ಮೂರನೆಯದಕ್ಕೆ ಹಾಳೆ ಹೊರಗೆ ಬಂತು.

ಅಂಚಿನ ತುಂಬ ಪೆನ್ಸಿಲ್ಲು. ಅಕ್ಷರ ಚಿಕ್ಕದು, ವಕ್ರ. 'ಇಲ್ಲಿ ನಕ್ಕೆ.' 'ಈ ವಾಕ್ಯ ಎರಡು ಸಲ ಓದಿದೆ, ಚೆನ್ನಾಗಿದೆ ಅಂತ.' 'ಚಮಚ ಹಲ್ಲಿಗೆ ತಾಕಿದ ಸದ್ದು: ಇದನ್ನು ಮಾಡಿದವರಿಗೆ ಮಾತ್ರ ಗೊತ್ತು.' 'ಮುಗುಳ್ನಗೆ.' 'ಮತ್ತೆ ಮುಗುಳ್ನಗೆ.' 'ಅಯ್ಯೋ, ಮತ್ತೆ!' ಒಂಬತ್ತನೆಯ ಪುಟದಲ್ಲಿ 'ಅವಳು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಳು' ಎಂಬ ವಾಕ್ಯದ ಕೆಳಗೆ ಗೆರೆ ಎಳೆದು ಬರೆದಿದ್ದ: 'ಯಾಕೆ ಹೋಗಿ ನಿಂತಳು? ಎಷ್ಟು ಹೊತ್ತು? ನೀವು ಹೇಳದೆ ಮುಂದಕ್ಕೆ ಓಡಿದ್ದೀರಿ. ನನಗೇನೋ ಇಡೀ ಕಥೆ ಆ ಬಾಲ್ಕನಿಯಲ್ಲೇ ಇದೆ ಅನ್ನಿಸಿತು.'

ಅವಳು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು. ಇಷ್ಟು ವರ್ಷಗಳಲ್ಲಿ ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಎಂದಿದ್ದರು, ಭೂಮಿಯಂಥ ತಾಳ್ಮೆ ಎಂದಿದ್ದರು. ಎಷ್ಟು ಹೊತ್ತು ನಿಂತೆ ಎಂದು ಯಾರೂ ಕೇಳಿರಲಿಲ್ಲ.

*

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೆ ಮೂರೇ ಮೂರು ಪುಟ ತೆಗೆದುಕೊಂಡು ಹೋದಳು.

ಬಾಲ್ಕನಿಯಲ್ಲಿ ಹೆಂಡತಿ ನಿಂತಿದ್ದಾಳೆ. ಒಳಗಿನಿಂದ ಗಂಡ ಕರೆಯುತ್ತಾನೆ. ಆಗ ಅವನಿಗೆ ಪೂರ್ತಿ ಮಾತು ಬರುತ್ತಿರಲಿಲ್ಲ, ಗಂಟಲಿನಿಂದ ಒಂದು ಸದ್ದು ಅಷ್ಟೇ. ಅವಳಿಗೆ ಕೇಳಿಸುತ್ತದೆ. ಅವಳು ಎಣಿಸಲು ಶುರು ಮಾಡುತ್ತಾಳೆ. ನೂರು ಆಗುವವರೆಗೆ ಒಳಗೆ ಹೋಗುವುದಿಲ್ಲ ಎಂದುಕೊಳ್ಳುತ್ತಾಳೆ. ಅರವತ್ತಕ್ಕೆ ಸದ್ದು ನಿಲ್ಲುತ್ತದೆ. ಆದರೂ ನೂರರವರೆಗೆ ಎಣಿಸುತ್ತಾಳೆ. ಒಳಗೆ ಹೋದಾಗ ಅವನ ಕಣ್ಣು ಬಾಗಿಲಿನ ಮೇಲೇ ನೆಟ್ಟಿರುತ್ತದೆ. ದಿಂಬಿನಿಂದ ತಲೆ ಜಾರಿದ್ದನ್ನು ಸರಿಮಾಡಲಿ ಎಂದು ಕರೆದಿದ್ದ.

ಅವಳೇ ಗಟ್ಟಿಯಾಗಿ ಓದಿದಳು. ಮುಗಿದಾಗ ಟೀಚರ್ ಟೈಮರ್ ಒತ್ತುವುದನ್ನೇ ಮರೆತಿದ್ದರು. ಔಷಧಿ ಅಂಗಡಿಯಾಕೆ, ನಾಲ್ಕು ಸಾಲಿಗಿಂತ ಉದ್ದದ ಕವಿತೆಯನ್ನು ಎಂದೂ ಬರೆಯದ ಹೆಂಗಸು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಡ್ರೈವಿಂಗ್ ಸ್ಕೂಲಿನ ಮಾಲೀಕ ದೆವ್ವದ ಕಥೆ ಬರೆದು ಓದುವಾಗ ತಾನೇ ಹೆದರುವ ಆಸಾಮಿ. ಅವನು ಗಂಟಲು ಸರಿಮಾಡಿಕೊಂಡು, "ಇವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರ್ಲಿಲ್ಲ. ಪಾಪ ಅನ್ನಿಸ್ತು, ಇಬ್ಬರನ್ನೂ ನೋಡಿ," ಎಂದ.

ಪೆನ್ಸಿಲ್ಲಿನವನು ಮಾತಾಡಲಿಲ್ಲ.

ಆ ಕೋಣೆಯ ಮೂಲೆಯಲ್ಲಿ ಕಲಿಯುವವರಿಗೆಂದು ಒಂದು ಸೀಟು, ಸ್ಟಿಯರಿಂಗ್, ಮೂರು ಪೆಡಲ್ ಜೋಡಿಸಿಟ್ಟಿದ್ದರು. ಮೇಲೊಂದು ಹಿನ್ನೋಟದ ಕನ್ನಡಿ. ಬೆಂಚು ಸಾಲದೆ ಅವಳು ಅಂದು ಆ ಸೀಟಿನಲ್ಲೇ ಕೂತಿದ್ದಳು. ಯಾರ ಮುಖವನ್ನೂ ನೋಡಲಾಗದೆ ತಲೆಯೆತ್ತಿದರೆ, ಅಂಗೈಯಗಲದ ಆ ಕನ್ನಡಿಯಲ್ಲಿ ಅವನ ಕಣ್ಣುಗಳು ಮಾತ್ರ ಇದ್ದವು. ನೇರವಾಗಿ ನೋಡುತ್ತಿದ್ದವು. ಅವಳು ಕಣ್ಣು ತಪ್ಪಿಸಲಿಲ್ಲ. ಅವನೂ ತಪ್ಪಿಸಲಿಲ್ಲ. ಒಂದು ಗಳಿಗೆಯ ಮೇಲೆ ಅವನು ಹುಬ್ಬನ್ನು ಸ್ವಲ್ಪವೇ, ಇಷ್ಟೇ ಇಷ್ಟು ಎತ್ತಿದ: 'ಬಂತಲ್ಲ ಮಾತು' ಎನ್ನುವಂತೆ. ಅವಳು ಕನ್ನಡಿಯನ್ನು ಬೆರಳಿನಿಂದ ಪಕ್ಕಕ್ಕೆ ತಿರುಗಿಸಿಬಿಟ್ಟಳು. ಕೆನ್ನೆ ಬಿಸಿಯಾಗಿತ್ತು. ನಲವತ್ತರ ಹೊಸ್ತಿಲಲ್ಲಿ ಇದೇನು ಎಂದು ತನ್ನ ಮೇಲೇ ರೇಗಿತು.

ಸಭೆ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಅವನೂ ಜೊತೆಗೆ ಬಂದ.

"ನೀವು ಏನೂ ಹೇಳ್ಲಿಲ್ಲ," ಎಂದಳು.

"ಹೇಳೋಕೆ ಏನೂ ಉಳಿಸಿರ್ಲಿಲ್ಲ ನೀವು." ಸ್ವಲ್ಪ ದೂರ ನಡೆದು ಹೇಳಿದ, "ಅವತ್ತು ಕ್ಯಾಲೆಂಡರ್ ಅಂದಿದ್ದು ಒರಟಾಯ್ತು. ಕ್ಷಮಿಸಿ."

"ಇನ್ನೊಂದು ವಾರ ಬಿಟ್ಟು ಕ್ಷಮಿಸ್ತೀನಿ. ಸಿಟ್ಟು ಇನ್ನೂ ಸ್ವಲ್ಪ ಬಾಕಿ ಇದೆ."

"ಆಗ್ಲಿ. ನಾನೇನು ಊರು ಬಿಟ್ಟು ಹೋಗಲ್ಲ."

ಅವನ ಕೆಲಸ ಲಿಫ್ಟ್ ರಿಪೇರಿ. ಗುಂಪಿನಲ್ಲಿ ಎಲ್ಲರೂ ಅವನನ್ನು 'ಲಿಫ್ಟ್' ಎಂದೇ ಕರೆಯುತ್ತಿದ್ದರು. ಅವಳು ಬಂದ ಮೇಲೆ ಅವಳಿಗೂ 'ಎಕ್ಸ್‌ರೇ' ಎಂಬ ಹೆಸರು ಅಂಟಿಕೊಂಡಿತ್ತು. ಲಿಫ್ಟ್ ನಡುವೆ ನಿಂತು ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವವರೆಗೆ ಬಾಗಿಲ ಈಚೆ ನಿಂತು ಅವರ ಜೊತೆ ಮಾತಾಡುತ್ತ ಇರಬೇಕಂತೆ, ಇಲ್ಲದಿದ್ದರೆ ಹೆದರಿಕೊಳ್ಳುತ್ತಾರಂತೆ.

"ಏನು ಮಾತಾಡ್ತೀರ?"

"ನಾನೆಲ್ಲಿ ಮಾತಾಡ್ತೀನಿ? ಕೇಳ್ತೀನಿ. ಮುಖ ಕಾಣದ ಮನುಷ್ಯನ ಹತ್ರ ಜನ ಏನೇನೋ ಹೇಳ್ಕೋತಾರೆ. ಬಾಗಿಲು ತೆಗೆದ ತಕ್ಷಣ ನನ್ನ ಮುಖವನ್ನೂ ನೋಡದೆ ಹೊರಟುಬಿಡ್ತಾರೆ."

ಅದನ್ನು ಹೇಳಿದ ಅವನ ದನಿಯಲ್ಲಿ ಎಂಥದೋ ದಣಿವಿತ್ತು. ಆ ದಣಿವಿನ ಪರಿಚಯ ಅವಳಿಗಿತ್ತು. ಬಸ್ಸು ಬಂತು. ಅವಳು ಹತ್ತಲಿಲ್ಲ. "ಇದು ತುಂಬಾ ರಶ್ಶು," ಎಂದಳು. ಬಸ್ಸು ಅರ್ಧಕ್ಕರ್ಧ ಖಾಲಿ ಇತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, "ಹೌದೌದು, ಕಾಲಿಡೋಕೂ ಜಾಗ ಇಲ್ಲ," ಎಂದ.

*

ತಿಂಗಳುಗಳು ಕಳೆದವು. ಭಾನುವಾರಗಳು ಅವಳ ವಾರಕ್ಕೆ ಬೆನ್ನೆಲುಬಾದವು.

ಟೀಚರ್ ಅವಳ ಇಡೀ ಹಸ್ತಪ್ರತಿಯಲ್ಲಿ 'ಹೃದಯ' ಎಂಬ ಪದ ಅರವತ್ತೇಳು ಸಲ ಬಂದಿದೆಯೆಂದು ಲೆಕ್ಕ ಹಾಕಿ ತಂದರು. "ಹೃದ್ರೋಗದ ಡಾಕ್ಟರೂ ಇಷ್ಟು ಸಲ ಬಳಸಲ್ಲಮ್ಮ." ಔಷಧಿ ಅಂಗಡಿಯಾಕೆ ಉದ್ದ ವಾಕ್ಯಗಳನ್ನು ಎಲ್ಲಿ ತುಂಡರಿಸಬೇಕೆಂದು ತೋರಿಸಿಕೊಟ್ಟಳು. ಮಾಲೀಕ ಪ್ರತಿ ಸಲವೂ "ಆಮೇಲೆ ಏನಾಯ್ತು?" ಎಂದು ಮಕ್ಕಳಂತೆ ಕೇಳುತ್ತಿದ್ದ. ಅವನಿಗೆ ಕೇಳಬೇಕೆನ್ನಿಸದ ಕಡೆಯೆಲ್ಲ ಕಥೆ ಸತ್ತಿದೆಯೆಂದು ಅವಳು ಕಲಿತಳು. ಇನ್ನೂರ ಹನ್ನೆರಡು ಪುಟ ನೂರ ಅರವತ್ತಾಯಿತು. ಕಾಗದದ ಹೆಂಡತಿ ಈಗ ಸಿಡುಕುತ್ತಿದ್ದಳು, ಗಂಡನ ಎದುರು ತಟ್ಟೆ ಕುಕ್ಕುತ್ತಿದ್ದಳು, ಒಮ್ಮೆ ಅವನನ್ನು ನಗಿಸಲು ಹೋಗಿ ತಾನೇ ಬಿದ್ದೂ ಬಿದ್ದೂ ನಗುತ್ತಿದ್ದಳು. ಗಂಡನಿಗೂ ಜೀವ ಬಂತು. ಅವನು ಬರೀ ರೋಗಿಯಾಗಿ ಉಳಿಯದೆ, ಇಸ್ಪೀಟಿನಲ್ಲಿ ಮೋಸ ಮಾಡುವ, ಅಮ್ಮನಿಗೆ ಹೆದರುವ, ಹಾಡು ಬಾರದಿದ್ದರೂ ಹಾಡುವ ಮನುಷ್ಯನಾದ. ಬರೆಯುವಾಗ ಅವಳಿಗೆ ಅವನು ನೆನಪಾದ, ಕಾಯಿಲೆಗೆ ಮೊದಲಿನ ತನ್ನ ಗಂಡ. ಅವನನ್ನು ಅವಳು ಮರೆತೇಬಿಟ್ಟಿದ್ದಳು.

ಅವಳ ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲ್ ಇರುತ್ತಿತ್ತು. ಮೊದಮೊದಲು ಕಥೆಗೆ ಸಂಬಂಧಪಟ್ಟದ್ದೇ. ಬರಬರುತ್ತ ಬೇರೆಯದೂ ನುಸುಳಿತು. 'ಈ ಅಧ್ಯಾಯ ಬರೆದ ದಿನ ನೀವು ಊಟ ಮಾಡಿರಲಿಲ್ಲ ಅಲ್ವಾ? ವಾಕ್ಯಗಳಿಗೆ ಹಸಿವಾಗಿದೆ.' ಅವಳು ಅದರ ಕೆಳಗೆ, 'ಪರೀಕ್ಷಕರು ಪಠ್ಯದಿಂದ ಹೊರಗೆ ಹೋಗಬಾರದು' ಎಂದು ಬರೆದು ಹಿಂದಿರುಗಿಸಿದಳು. ಮುಂದಿನ ವಾರ ಅವನು ಎರಡು ಬನ್ನು ತಂದ.

ಅವನ ಕಥೆಯ ವಿಷಯ ಮಾತ್ರ ಬೇರೆ. ಅವನು ಪ್ರತಿ ಸಲವೂ ಅದೇ ಕಥೆಯ ಆರಂಭವನ್ನೇ ತರುತ್ತಿದ್ದ. ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ನಿಂತುಹೋದ ಲಿಫ್ಟಿನಿಂದ ಹೊರಗೆ ಎಳೆಯುತ್ತಾನೆ, ಇಬ್ಬರೂ ನಗುತ್ತಾರೆ. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಯಲ್ಲಿ. ಒಮ್ಮೆ ಅವಳ ದುಪಟ್ಟಾ ಹಸಿರು, ಒಮ್ಮೆ ನೀಲಿ. ಅವನ ಹೆಂಡತಿ ಏಳು ವರ್ಷದ ಹಿಂದೆ ಅವನನ್ನು ಬಿಟ್ಟು ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಎಲ್ಲರೂ "ವರ್ಣನೆ ಚೆನ್ನಾಗಿದೆ" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಅವನು ಏಳನೆಯ ಆರಂಭ ಓದಿದ ದಿನ ಅವಳು ಆಸ್ಪತ್ರೆಯಲ್ಲಿ ಶನಿವಾರವೆಲ್ಲ ದುಡಿದು ಬೆನ್ನು ನೋಯಿಸಿಕೊಂಡು ಬಂದಿದ್ದಳು. ನಯನಾಜೂಕಿಗೆ ತ್ರಾಣವಿರಲಿಲ್ಲ.

"ಒಂದು ಮಾತು ಹೇಳ್ತೀನಿ," ಎಂದಳು. "ನಿಮ್ಮ ಕಥೆಯಲ್ಲಿ ಅವಳು ಬರೋದು ಏಳು ಸಲ ಓದಿದೀನಿ. ಹೋಗೋದು ಯಾವಾಗ?"

ಅವಳು ಮುಂದಿದ್ದ ಹಾಳೆಯ ಮೇಲೆ ಬೆರಳಿಟ್ಟಳು.

"ಅವಳು ಹೋದಳು ಅಂತ ನಿಮಗೂ ಗೊತ್ತು, ಓದೋರಿಗೂ ಗೊತ್ತಾಗತ್ತೆ. ಆದ್ರೂ ನೀವು ಅವಳನ್ನ ಆ ಲಿಫ್ಟ್ ಬಾಗಿಲಲ್ಲೇ ನಗ್ತಾ ನಿಲ್ಲಿಸಿದೀರ. ಅವಳಿಗೂ ಕಾಲು ನೋಯತ್ತೆ. ಹೋಗೋಕೆ ಬಿಡಿ ಅವಳನ್ನ."

ಅವನ ಎರಡು ನಿಮಿಷ ಬಂದಾಗ ಅವನು ಪೆನ್ಸಿಲ್ಲನ್ನು ಕಿವಿಯ ಹಿಂದಿನಿಂದ ತೆಗೆದು ಜೇಬಿಗೆ ಹಾಕಿಕೊಂಡ, ಹಾಳೆಗಳನ್ನು ಮಡಚಿದ, ಎಲ್ಲರಿಗೂ ತಲೆದೂಗಿ ಇಳಿದುಹೋದ. ಅಂದು ಬಸ್ ಸ್ಟಾಪಿಗೆ ಅವಳೊಬ್ಬಳೇ ನಡೆದಳು. ಮೊದಲು ಬಂದ ಬಸ್ಸನ್ನೇ ಹತ್ತಿದಳು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಫೋನ್ ನಂಬರ್ ಇತ್ತು. ಬೆರಳು ಎಷ್ಟೋ ಸಲ ಅದರ ಮೇಲೆ ಹೋಗಿ ಹಿಂದೆ ಬಂತು. ಏನೆಂದು ಕೇಳುವುದು? ನಿಮ್ಮ ಗಾಯದ ಮೇಲೆ ಬೆರಳಿಟ್ಟೆ, ನೋವಾಯಿತೇ ಎಂದೇ?

*

ಕೊನೆಯ ಅಧ್ಯಾಯ ಮುಗಿದ ದಿನ ಟೀಚರ್ ಅವಳನ್ನು ಪಕ್ಕಕ್ಕೆ ಕರೆದರು. "ನಾವು ಓದಿದ್ದಾಯ್ತು. ಮನೆಯಲ್ಲಿ ಓದಬೇಕಾದೋರು ಒಬ್ಬರಿದ್ದಾರಲ್ಲ, ಅವರಿಗೆ ಕೊಟ್ಟಿರಾ?"

"ಅತ್ತೆಗಾ? ಅವರ ಮಗ ಕರೆದಾಗ ನಾನು ನೂರು ಎಣಿಸ್ತಾ ನಿಂತಿದ್ದೆ ಅಂತ ಬರೆದಿದೀನಿ. ಅದನ್ನ ಅವರ ಕೈಗೆ ಕೊಡ್ಲಾ?"

"ಅಚ್ಚಾದ ಮೇಲೆ ಬೇರೆಯವರ ಬಾಯಿಂದ ಕೇಳೋದಕ್ಕಿಂತ ನಿಮ್ಮ ಕೈಯಿಂದ ಓದೋದು ಮೇಲು."

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಕಟ್ಟನ್ನು ಊಟದ ಮೇಜಿನ ಮೇಲೆ ಇಟ್ಟು, "ಅತ್ತೆ, ಇದು ನಾನು ಬರೆದಿದ್ದು. ಓದಿ," ಎಂದಷ್ಟೇ ಹೇಳಿ ಓಡಿದಳು. ಅಂದು ಒಬ್ಬ ರೋಗಿಯ ಎಡಗೈ ಬದಲು ಬಲಗೈ ಚಿತ್ರ ತೆಗೆದಳು. ಮರಳಿ ಬಂದಾಗ ಅತ್ತೆ ಭೂತಗನ್ನಡಿ ಹಿಡಿದು ನಲವತ್ತನೆಯ ಪುಟದಲ್ಲಿದ್ದರು. ಮಾತಿಲ್ಲ. ಮಂಗಳವಾರವೂ ಮಾತಿಲ್ಲ. ಇಬ್ಬರೂ ಎದುರುಬದುರು ಕೂತು ಉಂಡರು, ತಟ್ಟೆಯ ಸದ್ದಷ್ಟೇ. ಮದುವೆಯಾಗಿ ಬಂದ ಮೊದಲ ವಾರದಲ್ಲೂ ಅವಳು ಇವರಿಗೆ ಇಷ್ಟು ಹೆದರಿರಲಿಲ್ಲ.

ಬುಧವಾರ ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆ ಅತ್ತೆ ಒಳಗಿನಿಂದ ಕೂಗಿದರು. "ಬಾ ಇಲ್ಲಿ. ಕೂತ್ಕೋ."

ಕೂತಳು. ಕಟ್ಟು ಅವರ ತೊಡೆಯ ಮೇಲಿತ್ತು.

"ಇದರಲ್ಲಿ ಸುಳ್ಳು ಬರೆದಿದೀಯ."

"ಅತ್ತೆ, ಆ ಬಾಲ್ಕನಿ ವಿಷಯ..."

"ಅದಲ್ಲ. ಅದು ನಿಜ ಅಂತ ನನಗೆ ಅವತ್ತೇ ಗೊತ್ತು. ನಾನು ಅಡುಗೆಮನೆಯಲ್ಲೇ ಇದ್ದೆ. ಅವನು ಕರೆದಿದ್ದು ನನಗೂ ಕೇಳಿಸ್ತು." ಅತ್ತೆ ಒಂದು ಕ್ಷಣ ಕಿಟಕಿಯ ಕಡೆ ನೋಡಿದರು. "ನಾನೂ ಹೋಗ್ಲಿಲ್ಲ. ನೀನು ಹೋಗ್ತೀಯ ಅಂತ ಸುಮ್ಮನಿದ್ದೆ."

ಅವಳು ಕೂತಲ್ಲಿಂದ ಸ್ವಲ್ಪ ಹತ್ತಿರ ಸರಿದಳು.

"ಸುಳ್ಳು ಅಂದಿದ್ದು ನನ್ನ ವಿಷಯ. ಈ ಕಥೆಯ ಅತ್ತೆ ಯಾರೇ? ಬೆಲ್ಲದ ಮುದುಕಿ! ಸೊಸೆಯ ತಲೆ ಸವರ್ತಾಳೆ, ಕಣ್ಣೀರು ಒರೆಸ್ತಾಳೆ. ನಾನು ಯಾವತ್ತು ನಿನ್ನ ತಲೆ ಸವರಿದೆ? ಅವನು ಹೋಗೋ ಮುಂಚಿನ ತಿಂಗಳು ನಾನು ನಿನಗೆ ಏನಂದೆ, ಅದು ಯಾಕಿಲ್ಲ ಇದರಲ್ಲಿ?"

"ಅದು... ಬೇಡ ಅತ್ತೆ."

"ನೆನಪಿದೆ ತಾನೇ?"

ನೆನಪಿತ್ತು. 'ಅವನು ಹೋದ್ರೆ ನಿನಗೆ ರಜೆ ಸಿಕ್ಕಿದ ಹಾಗೆ' ಎಂದಿದ್ದರು. ಅವಳು ಕೆಲಸದಿಂದ ಒಂದು ಗಂಟೆ ತಡವಾಗಿ ಬಂದ ದಿನ. ಆ ಮಾತನ್ನು ಅವಳು ಐದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

"ಅದನ್ನ ಬರಿ," ಎಂದರು ಅತ್ತೆ. ಅದೇ ಗದರಿಕೆಯ ದನಿ. "ಆ ಮಾತು ಆಡಿದ ಮೇಲೆ ನಾನು ಒಂದು ದಿನವೂ ನೆಮ್ಮದಿಯಾಗಿ ಉಂಡಿಲ್ಲ. ಕ್ಷಮಿಸು ಅನ್ನೋಕೂ ನಾಲಿಗೆ ಬರ್ಲಿಲ್ಲ. ನಿನಗೆ ಬರೆಯೋ ಶಕ್ತಿ ಇದೆ, ಬರಿ. ನನ್ನ ಮುಖ ಉಳಿಸೋಕೆ ಹೋಗಿ ಕಥೆ ಕೆಡಿಸ್ಬೇಡ."

ಅವಳು ಅತ್ತೆಯ ಮೊಣಕಾಲ ಮೇಲೆ ಹಣೆ ಇಟ್ಟಳು. ಅತ್ತೆ ತಲೆ ಸವರಲಿಲ್ಲ. ಕೈಯನ್ನು ಸುಮ್ಮನೆ ಅವಳ ಬೆನ್ನಿನ ಮೇಲೆ ಇಟ್ಟುಕೊಂಡು ಕೂತರು, ಬಹಳ ಹೊತ್ತು.

ಆಮೇಲೆ ಮೂಗು ಒರೆಸಿಕೊಂಡು ಕೇಳಿದರು, "ಅದಿರ್ಲಿ. ಅಂಚಿನಲ್ಲೆಲ್ಲ ಪೆನ್ಸಿಲ್ಲಲ್ಲಿ ಗೀಚಿದೋನು ಯಾರು?"

ಅವಳು ತಟಕ್ಕನೆ ತಲೆಯೆತ್ತಿದಳು. ಆತುರದಲ್ಲಿ ಕೊಟ್ಟದ್ದು ಗುರುತು ಹಾಕಿದ ಪ್ರತಿ!

"ಗುಂಪಿನಲ್ಲಿ... ಒಬ್ಬರು."

"ಅಕ್ಷರ ಕೋಳಿ ಕೆರೆದ ಹಾಗಿದೆ. ಆದ್ರೆ ಓದೋದು ಗೊತ್ತಿರೋ ಮನುಷ್ಯ. ಊಟ ಮಾಡಿದೀಯಾ ಅಂತ ಬೇರೆ ಕೇಳ್ತಾನೆ." ಅತ್ತೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. "ಮೂರು ವಾರದಿಂದ ನಿನ್ನ ಮುಖ ಯಾಕೆ ಸಪ್ಪಗಿದೆ ಅಂತ ಈಗ ಗೊತ್ತಾಯ್ತು. ಜಗಳನಾ?"

"ನಾನು ಸ್ವಲ್ಪ ಜಾಸ್ತಿ ಮಾತಾಡ್ಬಿಟ್ಟೆ."

"ಹೋಗಿ ಕಡಿಮೆ ಮಾತಾಡಿ ಬಾ. ಇದಕ್ಕೂ ನಾನು ಹೇಳಿಕೊಡಬೇಕಾ?"

*

ಶನಿವಾರ ಮಧ್ಯಾಹ್ನದ ಡ್ಯೂಟಿ ಮುಗಿಸಿ ಅವಳು ಡ್ರೈವಿಂಗ್ ಸ್ಕೂಲಿನ ಮಾಲೀಕನಿಗೆ ಫೋನ್ ಮಾಡಿದಳು. 'ಲಿಫ್ಟ್' ಇವತ್ತು ಎಲ್ಲಿ ಕೆಲಸ ಮಾಡ್ತಿದಾರೆ ಎಂದು ಕೇಳಿದ್ದಕ್ಕೆ ಅವನು ಕಾರಣ ಕೇಳದೆ ವಿಳಾಸ ಹೇಳಿದ. ಹೇಳುವಾಗ ಅವನ ದನಿ ಹಿಗ್ಗಿದ್ದು ಅವಳಿಗೆ ಫೋನಿನಲ್ಲೇ ಕೇಳಿಸಿತು.

ಒಂಬತ್ತು ಮಹಡಿಯ ಹಳೆಯ ಕಚೇರಿ ಕಟ್ಟಡ. ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: 'ತಂತಿಹಗ್ಗ ಬದಲಿಸುತ್ತಿದ್ದೇವೆ. ಮೆಟ್ಟಿಲು ಬಳಸಿ. ಕ್ಷಮೆಯಿರಲಿ.' ಆ ವಕ್ರ ಅಕ್ಷರ ಕಂಡು ಅವಳು ಚೀಟಿಯನ್ನು ಎರಡು ಸಲ ಓದಿದಳು.

ಲಿಫ್ಟಿನ ಮಷೀನ್ ಇರುವುದು ತಾರಸಿಯ ಕೋಣೆಯಲ್ಲಿ. ಅವಳು ಹತ್ತಿದಳು. ನಾಲ್ಕನೆಯ ಮಹಡಿಗೆ ಬೆನ್ನು ಕೂಗಿತು. ಆರನೆಯದಕ್ಕೆ ಮೆಟ್ಟಿಲ ಮೇಲೇ ಕೂತಳು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಒಂದೊಂದು ಮಹಡಿಯಲ್ಲಿ ಒಂದೊಂದು ಉದುರಿಹೋದವು. ಮೇಲೆ ಮುಟ್ಟುವಾಗ ಬರಿಗೈ.

ಅವನು ಬಾಗಿಲ ಕಡೆ ಬೆನ್ನು ಮಾಡಿ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ತಿರುಗಿದ. ಬಟ್ಟೆ ಕೈಯಲ್ಲೇ ಉಳಿಯಿತು.

"ಒಂಬತ್ತು ಮಹಡಿ ಹತ್ತಿದ್ರಾ?"

ಅವಳು ಬಾಗಿಲ ಚೌಕಟ್ಟು ಹಿಡಿದು ತಲೆಯಾಡಿಸಿದಳು. ಅವನು ಅವಸರವಸರವಾಗಿ ಟೂಲ್‌ಬಾಕ್ಸಿನ ಮುಚ್ಚಳ ಒರೆಸಿ ಅವಳನ್ನು ಕೂರಿಸಿ, ತನ್ನ ನೀರಿನ ಬಾಟಲಿ ಕೊಟ್ಟ.

"ಅವತ್ತು ನಾನು ಅಷ್ಟು ಒರಟಾಗಿ ಹೇಳಬಾರದಿತ್ತು," ಎಂದಳು ಕೊನೆಗೆ. "ನೀವು ಬೇಜಾರು ಮಾಡ್ಕೊಂಡು ಬರೋದೇ ಬಿಟ್ರಿ."

"ಬೇಜಾರಾಗಿದ್ದು ನಿಜ. ಮೂರು ದಿನ." ಅವನು ನೆಲದ ಮೇಲೆ ಗೋಡೆಗೊರಗಿ ಕೂತ. "ನಾಲ್ಕನೇ ದಿನ ಬರೆಯೋಕೆ ಕೂತೆ. ಅದು ಮುಗಿಯೋವರೆಗೆ ಮುಖ ತೋರಿಸೋದು ಬೇಡ ಅನ್ನಿಸ್ತು. ಎಂಟನೇ ಸಲ ಅದೇ ಲಿಫ್ಟ್ ಬಾಗಿಲಿನ ಕಥೆ ತಗೊಂಡು ಬಂದ್ರೆ ನೀವು ಓಡಿಸ್ತಿದ್ರಿ."

"ಮುಗೀತಾ?"

ಅವನು ಗೋಡೆಗೆ ತೂಗುಹಾಕಿದ್ದ ಕೋಟಿನ ಜೇಬಿನಿಂದ ನಾಲ್ಕು ಹಾಳೆ ತೆಗೆದ. ಕೊಡುವ ಮೊದಲು ಮಡಿಕೆಗಳನ್ನು ಬೆರಳಿನಿಂದ ಒತ್ತಿ ಸರಿಮಾಡಿದ.

ಅವಳು ಓದಿದಳು. ಒಬ್ಬ ಹೆಂಗಸು ಒಂದು ಸಾಧಾರಣ ಮಂಗಳವಾರ ಎರಡು ಸೂಟ್‌ಕೇಸ್ ಹಿಡಿದು ಹೊರಡುತ್ತಾಳೆ. ಜಗಳವಿಲ್ಲ, ಕಣ್ಣೀರಿಲ್ಲ. ಗಂಡನೇ ಅವನ್ನು ಕೆಳಗೆ ತಂದುಕೊಡುತ್ತಾನೆ, ಅವಳಿಗೆ ಬೆನ್ನುನೋವಿದೆಯೆಂದು. ಅವಳು ಟ್ಯಾಕ್ಸಿ ಹತ್ತುವ ಮೊದಲು, "ನೀನು ಒಳ್ಳೆಯವನೇ. ನನಗೆ ಇಲ್ಲಿ ಉಸಿರಾಡೋಕೆ ಆಗಲಿಲ್ಲ ಅಷ್ಟೇ," ಎನ್ನುತ್ತಾಳೆ. ಅವನು "ಸರಿ" ಎನ್ನುತ್ತಾನೆ. ಮೇಲೆ ಹೋಗಿ ಮಣೆಯ ಮೇಲೆ ಅರ್ಧ ಹೆಚ್ಚಿಟ್ಟಿದ್ದ ತರಕಾರಿಯನ್ನು ಪೂರ್ತಿ ಹೆಚ್ಚುತ್ತಾನೆ.

ಅವಳು ಹಾಳೆಯಿಂದ ಕಣ್ಣೆತ್ತಿದಳು.

"ಆ ತರಕಾರಿ..." ಎಂದು ನಿಲ್ಲಿಸಿದಳು. "ತುಂಬಾ ಚೆನ್ನಾಗಿದೆ ಕಣ್ರೀ. ಕಥೆ ಅಲ್ಲೇ ಮುಗೀಬೇಕು. ಕೊನೆಯ ಪ್ಯಾರಾ ಬೇಡ, ತೆಗೆದುಬಿಡಿ. ಎಲ್ಲಿಂದಲೋ ಒಂದು ಬಸ್ ಸ್ಟಾಪ್ ಬರತ್ತೆ, ಅವನು ಯಾರಿಗೋ ಕಾಯ್ತಾನೆ. ಖಾಲಿ ಬಸ್ಸನ್ನ ಯಾಕೆ ಬಿಡ್ತಾನೆ ಅಂತಲೇ ಗೊತ್ತಾಗಲ್ಲ."

ಅವನು ತನ್ನ ಬೂಟಿನ ಕಡೆ ನೋಡುತ್ತಿದ್ದ.

"ಆ ಪ್ಯಾರಾದಲ್ಲೇ ನೀವಿರೋದು," ಎಂದ.

ಹೊರಗೆ ತಾರಸಿಯ ಮೇಲೆ ಸಂಜೆಬಿಸಿಲು ಹರಡಿತ್ತು. ಅವಳು ಆ ಆರು ಸಾಲನ್ನು ಮತ್ತೆ ಓದಿದಳು. ಇನ್ನೊಮ್ಮೆ ಓದಿದಳು. ಕಾಗದದ ಮೇಲಿನ ಅಕ್ಷರಗಳು ಕಣ್ಣಿನಲ್ಲಿ ಕಲಸಿಕೊಂಡವು.

"ಬರೆದು ಮುಗಿಸಿದ್ಮೇಲೆ ನನಗೇ ಗೊತ್ತಾಗಿದ್ದು," ಅವನು ಮೆಲ್ಲಗೆ ಹೇಳುತ್ತಿದ್ದ. "ಇಷ್ಟು ವರ್ಷ ಹೋದವಳ ದಾರಿ ಕಾಯ್ತಿದೀನಿ ಅಂದ್ಕೊಂಡಿದ್ದೆ. ಬರೀತಾ ಬರೀತಾ ನೋಡಿದ್ರೆ, ಕಾಯ್ತಿರೋದು ಭಾನುವಾರಕ್ಕೆ. ನನಗೇನೂ ಹುಡುಗನ ವಯಸ್ಸಲ್ಲ. ಮನೆಯಲ್ಲಿ ಎರಡು ಕುರ್ಚಿ ಇದೆ, ಒಂದರ ಕಾಲು ಅಲ್ಲಾಡತ್ತೆ. ಸಂಜೆ ಆದ್ರೆ ಮಾತಾಡೋಕೂ ಶಕ್ತಿ ಇರಲ್ಲ. ಆದ್ರೆ ನೀವು ಬರೆದಿದ್ದನ್ನ ಜೀವನಪೂರ್ತಿ ಓದ್ತಾ ಇರ್ಬೇಕು ಅನ್ನಿಸತ್ತೆ. ಬರೀ ಹಾಳೆ ಮೇಲಿನದ್ದಲ್ಲ."

ಅವಳು ಬ್ಯಾಗಿನಲ್ಲಿ ಕೈಹಾಕಿ ಪೆನ್ನು ತೆಗೆದಳು. ಕೊನೆಯ ಪ್ಯಾರಾದ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದು, ಹಾಳೆಯನ್ನು ಅವನ ಕಡೆ ತಿರುಗಿಸಿದಳು.

"ನಾನು ಹೇಳಿದ್ದು ಸರೀನೇ. ಇದು ಈ ಕಥೆಯ ಕೊನೆ ಅಲ್ಲ," ಎಂದಳು. ಅವನ ಮುಖ ಬಾಡುತ್ತಿದ್ದದ್ದನ್ನು ನೋಡಲಾಗದೆ ಬೇಗ ಬೇಗ ಹೇಳಿದಳು, "ಇದನ್ನ ತೆಗೆದು ಬೇರೆ ಹಾಳೆಯಲ್ಲಿ, ಮೊದಲನೇ ಸಾಲಿಗೆ ಹಾಕಿ. ಅಲ್ಲಿಂದ ಶುರು ಮಾಡಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವನು ಗ್ರೀಸು ಮೆತ್ತಿದ ಅಂಗೈಯನ್ನು ಒಮ್ಮೆ ನೋಡಿಕೊಂಡು ಪ್ಯಾಂಟಿಗೆ ಒರೆಸಿದ. ಅವಳು ಟೂಲ್‌ಬಾಕ್ಸಿನಿಂದ ಇಳಿದು ಅವನ ಪಕ್ಕ ನೆಲದ ಮೇಲೆ ಕೂತು, ಆ ಕೈಯನ್ನು ಹಾಗೇ ತೆಗೆದುಕೊಂಡಳು.

ಕೆಳಗಿನಿಂದ ಯಾರೋ ಮೆಟ್ಟಿಲಿನ ಬಾವಿಯೊಳಗೆ ಕೂಗಿದರು: "ಮೇಸ್ತ್ರಿ, ಲಿಫ್ಟ್ ಯಾವಾಗ ಶುರುವಾಗತ್ತೆ?"

"ಐದು ನಿಮಿಷ!" ಎಂದು ಇವನೂ ಕೂಗಿದ.

ಕೆಲಸ ಮುಗಿದು ಅರ್ಧ ಗಂಟೆಯಾಗಿತ್ತು. ಒಂದು ಸ್ವಿಚ್ ಒತ್ತುವುದಷ್ಟೇ ಬಾಕಿ. ಅದು ಇದ್ದದ್ದು ಎದುರು ಗೋಡೆಯ ಮೇಲೆ. ಅಲ್ಲಿಯವರೆಗೆ ಎದ್ದು ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ.